ಬಾಡಿಗೆ ಮನೆಯ ಜೋಡಿ ಗಾಜಿನ ಕಿಟಕಿಯಲ್ಲಿ ಮಂಜು ಕಟ್ಟಿದರೆ

ಮೈಸೂರಿನ ರಿಂಗ್ ರಸ್ತೆಯ ಅಂಚಿನಲ್ಲಿ ಈಚೆಗೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ವಾಹನಗಳ ಸದ್ದು ಒಳಗೆ ಬಾರದಿರಲೆಂದು ಕೆಲವು ಮಾಲೀಕರು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿರುವ ಡಬಲ್ ಗ್ಲೇಜ್ಡ್ ಕಿಟಕಿಗಳನ್ನು, ಅಂದರೆ ನಡುವೆ ಗಾಳಿಯ ಪದರವೊಂದನ್ನು ಮುಚ್ಚಿಟ್ಟ ಜೋಡಿ ಗಾಜಿನ ಕಿಟಕಿಗಳನ್ನು, ಹಾಕಿಸಿರುತ್ತಾರೆ. ಬೋಗಾದಿ ಕಡೆಯ ಅಂಥ ಒಂದು ಮನೆಗೆ ನಾವು ಬಾಡಿಗೆಗೆ ಬಂದ ಮೊದಲ ಚಳಿಗಾಲದಲ್ಲಿ ಮಲಗುವ ಕೋಣೆಯ ಪಶ್ಚಿಮದ ಕಿಟಕಿ ಬೆಳಗಿನ ಹೊತ್ತು ಮಬ್ಬಾಗತೊಡಗಿತು. ಕೆಳಗಿನ ಮಹಡಿಯಲ್ಲೇ ಇದ್ದ ಮಾಲೀಕರು ಬಂದು ನೋಡಿ, "ಒಳಗೇ ಬಟ್ಟೆ ಒಣಗಿಸ್ತೀರೇನಮ್ಮಾ? ಅದಕ್ಕೇ ಹೀಗಾಗಿರೋದು" ಎಂದರು. ನಾನೂ ಅದನ್ನು ನಂಬಿ ಎರಡು ತಿಂಗಳು ಬಟ್ಟೆಯನ್ನೆಲ್ಲ ತಾರಸಿಗೆ ಹೊತ್ತೆ, ದಿನವೂ ಗಾಜು ಒರೆಸಿದೆ, ಕಿಟಕಿ ಕಟ್ಟೆಯ ಮೇಲೆ ಕಲ್ಲುಪ್ಪಿನ ಬಟ್ಟಲು ಇಟ್ಟೆ. ಮಬ್ಬು ಒಂದಿಷ್ಟೂ ಕದಲಲಿಲ್ಲ. ಆ ನೀರು ನಮ್ಮ ಕೋಣೆಯಲ್ಲಿ ಇರಲೇ ಇಲ್ಲ. ಎರಡು ಗಾಜುಗಳ ನಡುವೆ ಸೇರಿಕೊಂಡಿತ್ತು. ಆದ್ದರಿಂದ ಬಾಡಿಗೆದಾರರು ಮೊದಲು ಮಾಡಬೇಕಾದ ಕೆಲಸವೆಂದರೆ ನೀರು ಗಾಜಿನ ಯಾವ ಮೈಯಲ್ಲಿ ಕುಳಿತಿದೆ ಎಂದು ಖಚಿತಪಡಿಸಿಕೊಳ್ಳುವುದು. ಏನು ಮಾಡಬೇಕು, ಯಾರು ಮಾಡಬೇಕು, ಖರ್ಚು ಯಾರದು ಎಂಬ ಮೂರೂ ಪ್ರಶ್ನೆಗಳು ಅಲ್ಲಿಂದಲೇ ಬಗೆಹರಿಯುತ್ತವೆ.

ಅದಕ್ಕೂ ಮುಂಚೆ, ನಿಮ್ಮ ಕಿಟಕಿ ನಿಜವಾಗಿಯೂ ಜೋಡಿ ಗಾಜಿನದೇ ಎಂದು ನೋಡಿಕೊಳ್ಳಬೇಕು. ಇಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಎರಡೂವರೆ ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ, ಅಂದರೆ ಎರಡು ಗಾಜಿನ ಬಾಗಿಲುಗಳೂ ಒಂದು ಸೊಳ್ಳೆ ಜಾಲರಿಯೂ ಇರುವಂಥದು. ಅದನ್ನು ಪೂರ್ತಿ ತೆರೆದಾಗ ಒಂದು ಗಾಜು ಇನ್ನೊಂದರ ಹಿಂದೆ ಸರಿದು ನಿಲ್ಲುವುದರಿಂದ ನೋಡಲು ಜೋಡಿಯಂತೆ ಕಾಣುತ್ತದೆ; ಆ ಸಂದಿಯಲ್ಲಿ ಮಂಜು ಕಟ್ಟಿದರೆ ಅದು ಬರೀ ಒಂಟಿ ಗಾಜಿನ ಮೇಲಿನ ನೀರು. ಕತ್ತಲಾದ ಮೇಲೆ ಮೊಬೈಲಿನ ಟಾರ್ಚನ್ನು ಗಾಜಿಗೆ ಸ್ವಲ್ಪ ಓರೆಯಾಗಿ ಹಿಡಿದು ಒಳಗೆ ಕಾಣುವ ಪ್ರತಿಬಿಂಬಗಳನ್ನು ಎಣಿಸಿರಿ. ಒಂಟಿ ಗಾಜಿಗೆ ಎರಡು ಮೈ ಇರುವುದರಿಂದ ಒತ್ತೊತ್ತಾಗಿ ಎರಡು ಬಿಂಬ ಕಾಣುತ್ತವೆ. ಜೋಡಿ ಗಾಜಿನಲ್ಲಿ ಎರಡೆರಡರಂತೆ ನಾಲ್ಕು ಕಾಣುತ್ತವೆ, ನಡುವೆ ಸ್ಪಷ್ಟವಾದ ಅಂತರವೂ ಇರುತ್ತದೆ. ಗಾಜಿನ ಅಂಚಿನುದ್ದಕ್ಕೂ ಬೆಳ್ಳಿ ಬಣ್ಣದ ಅಥವಾ ಕಪ್ಪನೆಯ ಪಟ್ಟಿಯೊಂದು ಒಳಗಡೆ ಓಡಿದ್ದರೆ ಅದೂ ಜೋಡಿ ಗಾಜಿನ ಗುರುತೇ.

ಇನ್ನು ಒರೆಸಿ ನೋಡುವ ಪರೀಕ್ಷೆ. ಮಬ್ಬು ಇರುವಾಗಲೇ, ಅಂದರೆ ಬೆಳಗಿನ ಆರೂವರೆ ಏಳರೊಳಗೆ, ಒಣ ಹತ್ತಿ ಬಟ್ಟೆಯಿಂದ ಒಳಗಿನ ಮೈಯನ್ನು ಒಂದು ಅಂಗೈಯಷ್ಟು ಒರೆಸಿರಿ. ಅಲ್ಲಿ ತಿಳಿಯಾದರೆ ನೀರು ಕೋಣೆಯದು. ತಿಳಿಯಾಗದಿದ್ದರೆ ಪಕ್ಕದ ಬಾಗಿಲನ್ನು ಸರಿಸಿ, ಕೈ ಸುಲಭವಾಗಿ ಎಟುಕುವಷ್ಟು ಜಾಗದಲ್ಲಿ ಮಾತ್ರ ಹೊರಗಿನ ಮೈಯನ್ನು ಒರೆಸಿರಿ. ಮೇಲಿನ ಮಹಡಿಗಳಲ್ಲಿ ಇದಕ್ಕಾಗಿ ಮೈ ಹೊರಚಾಚುವ ಸಾಹಸ ಬೇಡ. ಎರಡೂ ಕಡೆ ಒರೆಸಿದ ಮೇಲೂ ಮಬ್ಬು ಹಾಗೆಯೇ ನಿಂತಿದ್ದರೆ ನೀರಿರುವುದು ನಡುವೆ.

ಹೊರಗಿನ ಮೈಯ ಮಂಜಿಗೆ ಏನೂ ಮಾಡಬೇಕಾಗಿಲ್ಲ. ಮೋಡವಿಲ್ಲದ ಚಳಿಯ ರಾತ್ರಿ ಸ್ಕೂಟರಿನ ಸೀಟಿನ ಮೇಲೆ ಇಬ್ಬನಿ ಬೀಳುವಂತೆಯೇ ಅದು ಗಾಜಿನ ಮೇಲೂ ಬೀಳುತ್ತದೆ. ಕೋಣೆಯ ಬಿಸಿ ಹೊರಗಾಜಿಗೆ ತಲುಪದಂತೆ ಜೋಡಿ ಗಾಜು ತಡೆಯುವುದರಿಂದಲೇ ಹೊರಮೈ ಅಷ್ಟು ತಣ್ಣಗಾಗುತ್ತದೆ. ಹಾಗಾಗಿ ಇದು ಕಿಟಕಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಲಕ್ಷಣ. ಬಿಸಿಲೇರಿದರೆ ತಾನೇ ಹೋಗುತ್ತದೆ.

ನಡುವಿನ ಮಬ್ಬಿನ ಕಥೆ ಬೇರೆ, ಅದನ್ನು ಅರ್ಥ ಮಾಡಿಕೊಳ್ಳಲು ಈ ಗಾಜನ್ನು ಹೇಗೆ ಕಟ್ಟಿರುತ್ತಾರೆ ಎಂದು ತಿಳಿದಿರಬೇಕು. ಐದು ಅಥವಾ ಆರು ಮಿಲಿಮೀಟರ್ ದಪ್ಪದ ಎರಡು ಗಾಜುಗಳ ನಡುವೆ ಅಂಚಿನ ಸುತ್ತ ಒಂದು ಟೊಳ್ಳು ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು, 12 ಮಿಲಿಮೀಟರ್ ಅಗಲದ್ದು. ಆ ಟೊಳ್ಳಿನೊಳಗೆ ತೇವ ಹೀರುವ ಸಣ್ಣ ಹರಳುಗಳನ್ನು ತುಂಬಿರುತ್ತಾರೆ; ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಪೊಟ್ಟಣದ ಕೆಲಸವನ್ನೇ ಅವು ಮಾಡುತ್ತವೆ. ಪಟ್ಟಿಗೂ ಗಾಜಿಗೂ ನಡುವೆ ಬ್ಯೂಟೈಲ್ ಎಂಬ ಅಂಟಿನ ಸೀಲ್, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಇನ್ನೊಂದು ಸೀಲ್. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ವರ್ಷಗಟ್ಟಲೆ ದಿನಕ್ಕೊಮ್ಮೆ ನಡೆಯುವ ಈ ಎಳೆದಾಟದಿಂದ ಸೀಲ್ ಎಲ್ಲಾದರೂ ಒಂದು ಕಡೆ ಬಿಡುತ್ತದೆ, ಹೊರಗಿನ ತೇವದ ಗಾಳಿ ಒಳಸೇರುತ್ತದೆ. ಹರಳುಗಳು ಹೀರುವಷ್ಟು ಕಾಲ ಏನೂ ಕಾಣುವುದಿಲ್ಲ. ಅವು ತುಂಬಿಹೋದ ದಿನದಿಂದ ಗಾಜು ಮಬ್ಬಾಗತೊಡಗುತ್ತದೆ. ಸಂಜೆಯ ಬಿಸಿಲು ನೇರವಾಗಿ ಬಡಿಯುವ ಪಶ್ಚಿಮದ ಕಿಟಕಿಗೆ ಈ ಎಳೆದಾಟ ಹೆಚ್ಚು, ಆದ್ದರಿಂದ ಅಲ್ಲಿ ಸೀಲ್ ಬೇಗ ಸೋಲುವುದು ಸಹಜ.

ಸೀಲ್ ಸೋಲಲು ಇನ್ನೂ ಎರಡು ಕಾರಣಗಳು ನಮ್ಮ ಊರಿಗೆ ತಕ್ಕಂತಿವೆ. ಮೊದಲನೆಯದು ಎತ್ತರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿಯ ಗಾಳಿಯ ಒತ್ತಡ ಕಡಲ ದಡದ ಊರಿನದಕ್ಕಿಂತ ಶೇಕಡಾ 9ರ ಹತ್ತಿರ ಕಡಿಮೆ. ಚೆನ್ನೈನಂಥ ಕಡೆ ಮುಚ್ಚಿ ತಂದ ಗಾಜಿನ ಒಳಗಾಳಿ ಇಲ್ಲಿ ಹೊರಕ್ಕೆ ಒತ್ತುತ್ತದೆ, ಗಾಜು ನಡುವೆ ತುಸು ಉಬ್ಬುತ್ತದೆ, ಅಂಚಿನ ಸೀಲ್ ಮೊದಲ ದಿನದಿಂದಲೇ ಬಿಗುವಿನಲ್ಲಿರುತ್ತದೆ. ಬೆಂಗಳೂರಿನಲ್ಲಿ ಕಟ್ಟಿದ ಗಾಜಿಗೆ ಈ ತೊಂದರೆ ಬಹಳ ಕಡಿಮೆ. ಎರಡನೆಯದು ನೀರು ಹರಿಯುವ ಕಿಂಡಿಗಳು. ಚೌಕಟ್ಟಿನ ಕೆಳಪಟ್ಟಿಯ ಹೊರಮೈಯಲ್ಲಿ ಮಳೆನೀರು ಹೊರಹೋಗಲು ಉದ್ದನೆಯ ಸಣ್ಣ ಕಿಂಡಿಗಳಿರುತ್ತವೆ; ಪೇಂಟ್ ಮಾಡುವಾಗ ಬಿದ್ದ ಪುಟ್ಟಿ, ಸಿಮೆಂಟು, ಧೂಳು ಸೇರಿ ಅವು ಮುಚ್ಚಿಹೋಗುತ್ತವೆ. ಅಕ್ಟೋಬರಿನ ಚಿತ್ತೆ ಮಳೆ ಇಲ್ಲಿ ಒಮ್ಮೊಮ್ಮೆ ಸಂಜೆಯಿಡೀ ಹೊಡೆಯುತ್ತದೆ, ಆಗ ಒಳಗೆ ನಿಂತ ನೀರಿನಲ್ಲಿ ಗಾಜಿನ ಕೆಳ ಅಂಚು ದಿನಗಟ್ಟಲೆ ನೆನೆಯುತ್ತದೆ, ನೆನೆದ ಸೀಲ್ ಕೊಳೆಯುತ್ತದೆ. ಇದನ್ನು ತಡೆಯುವುದು ಬಾಡಿಗೆದಾರರ ಕೈಯಲ್ಲೇ ಇದೆ. ಮಳೆಗಾಲಕ್ಕೆ ಮುಂಚೆ ಟ್ರ್ಯಾಕಿಗೆ ಒಂದು ಚೆಂಬು ನೀರು ಸುರಿದು ಅದು ಹೊರಗೆ ಹೋಗುತ್ತದೆಯೇ ಎಂದು ನೋಡಿರಿ. ಹೋಗದಿದ್ದರೆ ಕಡ್ಡಿಪೊರಕೆಯ ಒಂದು ಕಡ್ಡಿಯಿಂದ ಕಿಂಡಿಯನ್ನು ಬಿಡಿಸಿರಿ. ಎರಡು ನಿಮಿಷದ ಈ ಕೆಲಸ ಗಾಜಿನ ಆಯುಸ್ಸನ್ನು ವರ್ಷಗಳಷ್ಟು ಕಾಯಬಲ್ಲದು, ಆದರೂ ಯಾರೂ ಮಾಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಸೀಲ್ ಹೋದ ಹೊಸತರಲ್ಲಿ ಮಬ್ಬು ಬೆಳಗ್ಗೆ ಬಂದು ಮಧ್ಯಾಹ್ನ ಮಾಯವಾಗುವುದರಿಂದ, ಮಾಲೀಕರು ಬಂದು ನೋಡುವ ಹೊತ್ತಿಗೆ ಗಾಜು ತಿಳಿಯಾಗಿರುತ್ತದೆ. ಅದಕ್ಕೊಂದು ಪರೀಕ್ಷೆ ಇದೆ. ಗಾಜು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಸಮತಟ್ಟಾದ ತಳದ ಸ್ಟೀಲ್ ಡಬ್ಬಿಯಲ್ಲಿ ಐಸು ತುಂಬಿ, ಅದರ ತಳವನ್ನು ಗಾಜಿಗೆ ಹತ್ತು ನಿಮಿಷ ಒತ್ತಿಹಿಡಿದು, ಆಮೇಲೆ ಒಳಮೈಯ ತೇವವನ್ನು ಚೆನ್ನಾಗಿ ಒರೆಸಿರಿ. ಒರೆಸಿದ ಮೇಲೂ ಡಬ್ಬಿಯ ಆಕಾರದ ಮಬ್ಬು ಒಳಗೆ ಉಳಿದಿದ್ದರೆ ಸೀಲ್ ಹೋಗಿರುವುದು ನಿಶ್ಚಯ. ಬಿಸಿಲಿಗೆ ಕಾದ ಗಾಜಿನ ಮೇಲೆ ಇದನ್ನು ಎಂದೂ ಮಾಡಬಾರದು, ಗಾಜು ಸೀಳಬಹುದು.

ಸೀಲ್ ಹೋದ ಗಾಜನ್ನು ಮತ್ತೆ ಒಣಗಿಸಲು ಮನೆಮದ್ದಿಲ್ಲ. ಕಟ್ಟೆಯ ಮೇಲೆ ಉಪ್ಪು, ಇದ್ದಿಲು, ಸಿಲಿಕಾ ಇಟ್ಟರೆ ಅವು ಕೋಣೆಯ ಗಾಳಿಯ ತೇವವನ್ನು ಹೀರುತ್ತವೆಯೇ ಹೊರತು ಮುಚ್ಚಿದ ಗಾಜಿನೊಳಗಿನದನ್ನಲ್ಲ. ಅಂಚಿಗೆ ಮೇಲಿನಿಂದ ಸಿಲಿಕೋನ್ ಹಚ್ಚಿದರೆ ಒಳಸೇರಿದ ನೀರು ಒಳಗೇ ಉಳಿಯುತ್ತದೆ. ಗಾಜಿಗೆ ಸಣ್ಣ ತೂತು ಕೊರೆದು ಒಣಗಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿರಿ: ಟಫನ್ಡ್ ಗಾಜಾದರೆ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜಾದರೆ, ಕೊರೆದ ಕೂಡಲೇ ಪೂರ್ತಿ ಪುಡಿಯಾಗುತ್ತದೆ, ಅಲ್ಲದಿದ್ದರೂ ತುಂಬಿದ ಹರಳುಗಳು ಹಾಗೆಯೇ ಇರುವುದರಿಂದ ಮಬ್ಬು ತಿರುಗಿ ಬರುತ್ತದೆ, ಮೇಲಾಗಿ ಪರರ ಗಾಜಿಗೆ ತೂತು ಮಾಡಿದ ಹೊಣೆ ನಿಮ್ಮ ತಲೆಗೆ ಬರುತ್ತದೆ. ಉಳಿದಿರುವ ದಾರಿ ಆ ಒಂದು ಗಾಜಿನ ಯೂನಿಟ್ಟನ್ನು, ಅಂದರೆ ಎರಡು ಗಾಜೂ ನಡುವಿನ ಪಟ್ಟಿಯೂ ಸೇರಿದ ಇಡೀ ಜೋಡಿಯನ್ನು, ಬದಲಿಸುವುದೊಂದೇ. ಆದರೆ ಗಾಬರಿ ಬೇಡ. ನಡುವಿನ ಮಬ್ಬಿನಿಂದ ಗೋಡೆಗಾಗಲಿ ಆರೋಗ್ಯಕ್ಕಾಗಲಿ ಕೇಡಿಲ್ಲ. ನೋಟ ಕೆಡುತ್ತದೆ, ಬಿಸಿ ತಡೆಯುವ ಗುಣ ಸ್ವಲ್ಪ ಕುಂದುತ್ತದೆ, ಬಹಳ ಕಾಲ ಬಿಟ್ಟರೆ ಗಾಜುಗಳ ನಡುವಿನ ಮೈಯಲ್ಲಿ ಬಿಳಿಯ ಕಲೆ ಕೂರುತ್ತದೆ, ಅಷ್ಟೇ.

ತಡಮಾಡದೆ ಗಮನಿಸಬೇಕಾದ್ದು ಕೋಣೆಯ ಕಡೆಯ ಒಳಮೈಯ ನೀರನ್ನು. ಅದು ಕಟ್ಟೆಗೆ ಇಳಿದು ಗಿಲಾವು ಉಬ್ಬಿಸುತ್ತದೆ, ಪರದೆಯ ಅಂಚಿನಲ್ಲೂ ರಬ್ಬರ್ ಪಟ್ಟಿಯಲ್ಲೂ ಕಪ್ಪು ಬೂಷ್ಟು ಹಿಡಿಸುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಜನವರಿಯ ರಾತ್ರಿ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೋಣೆಯೊಳಗೆ 24 ಡಿಗ್ರಿ ಇದೆ ಎಂದಿಟ್ಟುಕೊಂಡರೆ ಒಂಟಿ ಗಾಜಿನ ಒಳಮೈ ಸುಮಾರು 18 ಡಿಗ್ರಿಗೆ ಬರುತ್ತದೆ, ಜೋಡಿ ಗಾಜಿನದು 21ರ ಸುತ್ತ ನಿಲ್ಲುತ್ತದೆ. ಆ ಕೋಣೆಯಲ್ಲಿ ತೇವಾಂಶ ಶೇಕಡಾ 70 ದಾಟಿದರೆ ಒಂಟಿ ಗಾಜು ಬೆವರತೊಡಗುತ್ತದೆ. ಜೋಡಿ ಗಾಜು ಬೆವರಬೇಕಾದರೆ ಅದು ಶೇಕಡಾ 84ರಷ್ಟು ಆಗಬೇಕು. ಹೀಗಾಗಿ ನಮ್ಮ ಊರಿನ ಹದವಾದ ಚಳಿಯಲ್ಲಿ ಸುಸ್ಥಿತಿಯ ಜೋಡಿ ಗಾಜಿನ ಕೋಣೆಯ ಕಡೆಯ ಮೈ ಅಂಚಿನಲ್ಲಷ್ಟೇ ಅಲ್ಲದೆ ಮಧ್ಯದಲ್ಲೂ ಬೆವರುತ್ತಿದ್ದರೆ, ಮನೆಯ ಗಾಳಿಯಲ್ಲಿ ಅತಿಯಾದ ನೀರಿದೆ ಎಂದೇ ಅರ್ಥ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಅಳೆಯುವ ಮೀಟರ್ ಒಂದನ್ನು ಮಂಚದ ಪಕ್ಕದಲ್ಲಿಟ್ಟು ರಾತ್ರಿಯೂ ಬೆಳಗ್ಗೆಯೂ ಓದಿಕೊಂಡರೆ ಊಹೆಗೆ ಜಾಗವಿರುವುದಿಲ್ಲ.

ಆ ನೀರು ಎಲ್ಲಿಂದ ಬರುತ್ತದೆ? ಒಗೆದ ಬಟ್ಟೆಯನ್ನು ಎಲ್ಲರೂ ದೂರುತ್ತಾರೆ, ಅದು ನಿಜವೂ ಹೌದು. ಮೆಷಿನ್ನಿನಿಂದ ತೆಗೆದ ಬಟ್ಟೆಯನ್ನು ಒಮ್ಮೆ ತೂಗಿ, ಒಣಗಿದ ಮೇಲೆ ಮತ್ತೆ ತೂಗಿದರೆ ಬರುವ ವ್ಯತ್ಯಾಸ ಅಷ್ಟೂ ಕೋಣೆಯ ಗಾಳಿಗೆ ಸೇರಿದ ನೀರು. ಆದರೆ ಅಡುಗೆ ಗ್ಯಾಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಕಿಲೋ ಗ್ಯಾಸ್ ಉರಿದಾಗ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ತಿಂಗಳಿಗೊಂದು ಖರ್ಚಾಗುವ ಮನೆಯಲ್ಲಿ ಉರಿಯಿಂದಲೇ ತಿಂಗಳಿಗೆ 22 ಲೀಟರಿಗೂ ಮೀರಿದ ನೀರು ಗಾಳಿಗೆ ಸೇರುತ್ತದೆ. ಅನ್ನ, ಸಾರು, ಇಡ್ಲಿಯ ಹಬೆ ಇದರ ಮೇಲಿನ ಮಾತು. ಗೋಡೆಯಿಂದ ಹೊರಗೆ ಕೊಳವೆ ಇಲ್ಲದ ಚಿಮಣಿ ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆ, ಹಬೆಯನ್ನು ಮಾತ್ರ ಅಡುಗೆಮನೆಗೇ ಮರಳಿಸುತ್ತದೆ. ಹಾಗಾಗಿ ಒಲೆ ಹಚ್ಚಿದಾಗಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಆರಿಸಿದ ಮೇಲೂ ಹದಿನೈದು ನಿಮಿಷ ಓಡಲು ಬಿಡಬೇಕು. ಸ್ನಾನ ಮುಗಿದ ಮೇಲೆ ಬಚ್ಚಲುಮನೆಯ ಬಾಗಿಲು ಮುಚ್ಚಿ, ಅಲ್ಲಿಯ ವೆಂಟಿಲೇಟರನ್ನು ತೆರೆದಿಡಬೇಕು. ನಾವು ಬಹುಪಾಲು ಮಾಡುವುದು ಇದರ ತದ್ವಿರುದ್ಧ.

ಕಿಟಕಿ ತೆರೆದರೆ ಹೊರಗಿನ ತೇವ ಒಳಗೆ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಚಳಿಗಾಲದಲ್ಲಿ ಆ ಭಯ ಬೇಡ. 16 ಡಿಗ್ರಿಯ ಹೊರಗಾಳಿ ಶೇಕಡಾ 85ರಷ್ಟು ತೇವವಾಗಿದ್ದರೂ ಒಂದು ಘನ ಮೀಟರಿನಲ್ಲಿ ಹನ್ನೊಂದೂವರೆ ಗ್ರಾಂ ನೀರನ್ನಷ್ಟೇ ಹೊತ್ತಿರುತ್ತದೆ. 24 ಡಿಗ್ರಿಯ, ಶೇಕಡಾ 70 ತೇವದ ಒಳಗಾಳಿಯಲ್ಲಿ ಹದಿನೈದು ಗ್ರಾಂ ಇರುತ್ತದೆ. ಆದ್ದರಿಂದ ಎದ್ದ ಕೂಡಲೇ ಎದುರುಬದುರಿನ ಎರಡು ಕಿಟಕಿಗಳನ್ನು ಹತ್ತು ನಿಮಿಷ ಅಗಲವಾಗಿ ತೆರೆದರೆ ಮನೆ ಒಣಗುತ್ತದೆ. ಆಷಾಢದ ಸೋನೆಯಲ್ಲಿ ಮಾತ್ರ ಬೆಳಗಿನ ಬದಲು ಮಳೆ ಬಿಡುವು ಕೊಟ್ಟ ನಡುಹಗಲನ್ನು ಆರಿಸಿಕೊಳ್ಳಬೇಕು. ಹಳೆಯ ಮೈಸೂರಿನ ಹೆಂಚಿನ ಮನೆಗಳಲ್ಲಿ ಈ ಪಾಡು ಇರಲಿಲ್ಲ. ಹೆಂಚಿನ ಸಂದಿಯಿಂದಲೂ ಗವಾಕ್ಷಿಯಿಂದಲೂ ಗಾಳಿ ತಾನಾಗಿ ಆಡುತ್ತಿತ್ತು. ರಬ್ಬರ್ ಪಟ್ಟಿಯ ಬಿಗಿ ಕಿಟಕಿ ಸದ್ದಿನ ಜೊತೆಗೆ ಆ ಗಾಳಿಯನ್ನೂ ತಡೆದಿರುವುದರಿಂದ, ಅದು ಮಾಡುತ್ತಿದ್ದ ಕೆಲಸವನ್ನು ಈಗ ನಾವು ಕೈಯಾರೆ ಮಾಡಬೇಕಾಗಿದೆ.

ಬೂಷ್ಟು ಆಗಲೇ ಹಿಡಿದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿರಿ. ಬ್ಲೀಚಿಂಗ್ ದ್ರಾವಣ ಬಳಸುವುದಾದರೆ ಅದರೊಂದಿಗೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನಾಗಲಿ ವಿನೆಗರನ್ನಾಗಲಿ ಎಂದೂ ಬೆರೆಸಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕಲೆ ಕಿಟಕಿಯ ಮೂಲೆಯ ಗೋಡೆಯಲ್ಲಿದ್ದು, ಚಳಿಯಿಲ್ಲದ ದಿನವೂ ಜೋರು ಮಳೆಯ ಮಾರನೆಯ ದಿನ ದೊಡ್ಡದಾಗುತ್ತಿದ್ದರೆ, ಅದು ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಿಂದ ಇಳಿಯುವ ಮಳೆನೀರು. ಅದರ ರಿಪೇರಿ ಮಾಲೀಕರದು.

ಈಗ ಮಾಲೀಕರ ವಿಷಯ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆಂದು ಹೇಳುತ್ತದೆ. ಆದರೆ ಸಹಜವಾದ ಸವೆತವನ್ನು ಅದರಿಂದ ಹೊರಗಿಟ್ಟಿದೆ. ವಯಸ್ಸಾಗಿ ಸೀಲ್ ಬಿಟ್ಟ ಗಾಜು ಸವೆತವೇ ಎಂಬುದು ನನ್ನ ಖಚಿತ ಅಭಿಪ್ರಾಯ, ಹಾಗೆಯೇ ಬಟ್ಟೆ ಒಣಗಿಸಿ ಹಿಡಿಸಿದ ಬೂಷ್ಟು ಬಾಡಿಗೆದಾರರ ಹೊಣೆ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಅವಕಾಶವನ್ನೂ ಅದೇ ಕಲಮು ಕೊಡುತ್ತದೆ. ಆದರೆ ಯಾವುದು ಮಾಡಲೇಬೇಕಾದ ರಿಪೇರಿ ಎಂಬುದು ಒಪ್ಪಂದವನ್ನು ಅವಲಂಬಿಸಿರುವುದರಿಂದ, ಬರಹದಲ್ಲಿ ಒಪ್ಪಿಗೆ ಸಿಗದೆ ಬಾಡಿಗೆ ಕಡಿತ ಮಾಡುವುದು ಜಾಣತನವಲ್ಲ. ಹನ್ನೊಂದು ತಿಂಗಳ ಕರಾರುಪತ್ರವನ್ನು ತೆಗೆದು ರಿಪೇರಿಯ ಬಗ್ಗೆ ಏನಿದೆ ಎಂದು ಮೊದಲು ಓದಿರಿ.

ಮಾತಿಗೆ ಹೋಗುವ ಮುಂಚೆ ಮೂರು ಬೆಳಗು ಒಂದೇ ಜಾಗದಿಂದ ಫೋಟೋ ತೆಗೆದಿಟ್ಟುಕೊಂಡು, ಒರೆಸಿದರೂ ಮಬ್ಬು ಹೋಗದಿರುವುದನ್ನು ಒಂದು ಸಣ್ಣ ವಿಡಿಯೋದಲ್ಲಿ ತೋರಿಸಿರಿ. ನಾನು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದು ಹೀಗಿತ್ತು: "ನಮಸ್ಕಾರ ಸರ್. ಮಲಗುವ ಕೋಣೆಯ ಪಶ್ಚಿಮದ ಕಿಟಕಿಯ ಎಡಗಡೆಯ ಗಾಜು ಮಬ್ಬಾಗುತ್ತಿದೆ. ಒಳಗಿನಿಂದಲೂ ಹೊರಗಿನಿಂದಲೂ ಒರೆಸಿದರೆ ಹೋಗುತ್ತಿಲ್ಲ. ಎರಡು ಗಾಜಿನ ನಡುವಿನ ಸೀಲ್ ಹೋಗಿರುವಂತಿದೆ. ಫೋಟೋಗಳನ್ನು ಕಳಿಸಿದ್ದೇನೆ. ತಮಗೆ ಅನುಕೂಲವಾದ ದಿನ ಬೆಳಗ್ಗೆ ಏಳರೊಳಗೆ ಬಂದು ನೋಡಬೇಕೆಂದು ಕೋರುತ್ತೇನೆ. ಚೌಕಟ್ಟು ಚೆನ್ನಾಗಿದೆ, ಒಂದು ಗಾಜು ಬದಲಿಸಿದರೆ ಸಾಕು. ಕಿಟಕಿ ಹಾಕಿಸಿದಾಗಿನ ಬಿಲ್ಲು, ಗ್ಯಾರಂಟಿ ಕಾರ್ಡು ಇದ್ದರೆ ದಯವಿಟ್ಟು ನೋಡಿ." ಇದರಲ್ಲಿ ದೂರುವ ಮಾತಿಲ್ಲ, ಜಾಗ, ತೊಂದರೆ, ಬೇಡಿಕೆ ಮೂರೂ ಇವೆ. ಇಡೀ ಕಿಟಕಿ ಕಿತ್ತು ಹಾಕಿಸಬೇಕೇನೋ ಎಂಬ ಆತಂಕವೇ ಅನೇಕ ಮಾಲೀಕರನ್ನು ಸುಮ್ಮನಿರಿಸುತ್ತದೆ. ನಮ್ಮ ಮಾಲೀಕರೂ ಒಂದು ಗಾಜಿನ ಮಾತೆಂದು ತಿಳಿದ ಮೇಲೆ ಮೆತ್ತಗಾದರು, ಐಸಿನ ಡಬ್ಬಿಯ ಗುರುತನ್ನು ಕಣ್ಣಾರೆ ಕಂಡ ಮೇಲೆ ಬಟ್ಟೆಯ ಮಾತು ಬಿಟ್ಟರು.

ಬದಲಿಸುವ ಕೆಲಸದ ದಿನ ಹತ್ತಿರ ನಿಂತು ನೋಡುವುದು ಒಳ್ಳೆಯದು. ಕಣ್ಣಿಗೆ ಕಾಣುವ ಗಾಜಿಗಿಂತ ಯೂನಿಟ್ಟಿನ ನಿಜವಾದ ಅಳತೆ ದೊಡ್ಡದು, ಆದ್ದರಿಂದ ಕೆಲಸದವರು ಬೀಡಿಂಗನ್ನು, ಅಂದರೆ ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಪಟ್ಟಿಯನ್ನು, ಬಿಚ್ಚಿಯೇ ಅಳೆಯಬೇಕು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ. ಗಾಜು, ಅಂತರ, ಗಾಜು ಎಂಬ ಕ್ರಮದಲ್ಲಿ 5-12-5 ಅಥವಾ 6-12-6 ಎಂದು ದಪ್ಪವನ್ನು ಬರೆಸಿಕೊಳ್ಳಿರಿ, ದರವನ್ನು ಚದರ ಅಡಿಯ ಲೆಕ್ಕದಲ್ಲಿ ಎರಡು ಅಂಗಡಿಗಳಲ್ಲಿ ಕೇಳಿರಿ. ಹೊಸ ಗಾಜು ಕೈಗೆ ಬರುವವರೆಗೆ ಹಳೆಯದನ್ನು ತೆಗೆಯಲು ಬಿಡಬೇಡಿರಿ. ಕೂರಿಸುವಾಗ ಗಾಜಿನ ಕೆಳಗೆ ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಗಳನ್ನು ಇಟ್ಟು ಅದನ್ನು ಚೌಕಟ್ಟಿನ ತಳದಿಂದ ಎತ್ತಿರಬೇಕು, ಆ ಬಿಲ್ಲೆಗಳು ನೀರಿನ ಕಿಂಡಿಗೆ ಅಡ್ಡವಾಗಿರಬಾರದು. ಹಳೆಯ ಸೀಲ್ ನೀರಿನಲ್ಲಿ ನೆನೆದು ಕೆಟ್ಟಿದ್ದರೆ, ಇದೊಂದನ್ನು ತಪ್ಪಿಸಿದ ಕೆಲಸದಲ್ಲಿ ಹೊಸದೂ ಹಾಗೆಯೇ ಕೆಡುತ್ತದೆ.

ನಮ್ಮ ಮನೆಯಲ್ಲಿ ಮಲಗುವ ಕೋಣೆಯ ಗಾಜನ್ನು ಫೆಬ್ರವರಿಯಲ್ಲಿ ಬದಲಿಸಿದರು. ನಡುಮನೆಯ ಇನ್ನೊಂದು ಗಾಜಿನ ಮೂಲೆಯಲ್ಲಿ ಆಗಷ್ಟೇ ಮಬ್ಬು ಹುಟ್ಟಿತ್ತು. ಅದನ್ನು ಸದ್ಯಕ್ಕೆ ಬಿಡೋಣವೆಂದು ಇಬ್ಬರೂ ಒಪ್ಪಿದೆವು. ಆ ಒಪ್ಪಿಗೆಯನ್ನು ಕರಾರು ನವೀಕರಿಸುವಾಗ ಒಂದು ಸಾಲಿನಲ್ಲಿ ಬರೆಸಿ, ಫೋಟೋದ ಹಿಂಬದಿಯಲ್ಲಿ ಮಾಲೀಕರ ಸಹಿ ಹಾಕಿಸಿ, ಅಡ್ವಾನ್ಸ್ ಕೊಟ್ಟ ರಸೀದಿಯ ಜೊತೆಗೆ ಅದೇ ಲಕೋಟೆಯಲ್ಲಿ ಇಟ್ಟಿದ್ದೇನೆ.